ನಮ್ಮವರು ಯಾರೂ ಮುಟ್ಟಿಲ್ಲ

ಇದನ್ನು ಬರೆಯುವ ಕೆಲಸವನ್ನು ಬಹಳ ಕಾಲದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಅಂದುಕೊಂಡೆ, ತೆಗೆಸಿಯಾಯಿತು. ರಂಜಾನ್ ಕಳೆಯಲಿ ಅಂದುಕೊಂಡೆ. ಎಷ್ಟೋ ರಂಜಾನ್ ಕಳೆದವು. ಈಚೆಗೆ ನಮ್ಮ ವಿದ್ಯಾರ್ಥಿ ಸಂಘದ ಹುಡುಗರು ಮನೆಗೆ ಬಂದು, ಹೊಸ ಪದಾಧಿಕಾರಿಗಳಿಗೆ ರಿಸ್ಕ್ ಮ್ಯಾನೇಜ್‌ಮೆಂಟ್ ಬಗ್ಗೆ ನನ್ನ ಅನುಭವ ಹೇಳಬೇಕೆಂದು ಕಾರಿನಲ್ಲಿ ಕರೆದುಕೊಂಡು ಹೋದರು. ನಗಿಸುವಂಥ ಕತೆಗಳನ್ನೆಲ್ಲ ಹೇಳಿದೆ. ಹುಡುಗರು ನಕ್ಕರು, ಶಾಲು ಹೊದೆಸಿದರು, ಫೋಟೋ ತೆಗೆದರು. ಹೇಳಲೇಬೇಕಾಗಿದ್ದ ಒಂದನ್ನು ಮಾತ್ರ ಹೇಳದೆ ಹಿಂದಿರುಗಿದೆ. ಆ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ.

ಮೊದಲೇ ಒಂದು ಮಾತು. ಎಲ್ಲದಕ್ಕೂ ಕೈಮುಗಿದು ನಿಲ್ಲುವವನು ನಾನಲ್ಲ. ನಾನು ಪುಕ್ಕಲನಾಗಿದ್ದೆ, ಪೊಲೀಸರಿಗೆ ಸಲಾಮು ಹೊಡೆದೇ ಸಂಘ ನಡೆಸಿದೆ ಎಂದು ಈಗಿನವರು ಹಿಂದಿನಿಂದ ಆಡಿಕೊಳ್ಳುವುದು ನನ್ನ ಕಿವಿಗೆ ಬಿದ್ದಿದೆ. ಆಡಿಕೊಳ್ಳಲಿ. ನೀವು ಇವತ್ತು ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತು ಐಸ್‌ಕ್ರೀಂ ತಿನ್ನುವಷ್ಟು ನಿರಾಳವಾಗಿರುವುದರಲ್ಲಿ ನನ್ನ ಪುಕ್ಕಲುತನದ ಪಾಲೂ ಇದೆ. ನಾನು ಇದ್ದಷ್ಟು ಕಾಲ ಸಂಘದ ಒಬ್ಬ ಹುಡುಗನೂ ಲಾಕಪ್ಪಿನ ಒಳಗನ್ನು ನೋಡಲಿಲ್ಲ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಒಂದಕ್ಕೆ ಕೇಳಬೇಕು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ನಾನು ಯಲ್ಲಾಪುರದವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಗುಮಾಸ್ತನಾಗಿದ್ದೆ. ತೊಂಬತ್ತರ ದಶಕದಲ್ಲಿ ಡಿಪೋದ ಕೆಲಸ ಕಡಿಮೆಯಾಯಿತು. ಅದೇ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲೇಜುಗಳಲ್ಲಿ ಓದುವ, ಮುಂದೆ ಧಾರವಾಡದ ಯೂನಿವರ್ಸಿಟಿಗೆ ಹೋಗುವ ನಮ್ಮ ಮಕ್ಕಳೆಲ್ಲ ಸೇರಿ ಮುಸ್ಲಿಂ ವಿದ್ಯಾರ್ಥಿಗಳ ಒಂದು ಸಂಘ ಮಾಡಿಕೊಂಡಿದ್ದರು. ಶಿರಸಿ ಪೇಟೆಯಲ್ಲಿ ಮಹಡಿ ಮೇಲೊಂದು ಕೋಣೆ. ಅದಕ್ಕೆ ಒಬ್ಬ ಕಾಯಂ ಮನುಷ್ಯ ಬೇಕಾಗಿದ್ದ. ಹಿರಿಯರು ನನ್ನನ್ನು ಕೂರಿಸಿದರು. ಹುದ್ದೆಗೆ ವ್ಯವಸ್ಥಾಪಕ ಎಂದು ಹೆಸರು. ಮಕ್ಕಳ ಬಾಯಲ್ಲಿ ಚಾಚಾ, ಊರಿನವರ ಬಾಯಲ್ಲಿ ಖಾದರ್ ಸಾಬರು.

ನನ್ನ ಮೇಲಧಿಕಾರಿಗಳೆಲ್ಲ ಮೀಸೆ ಸರಿಯಾಗಿ ಬಲಿಯದ ಹುಡುಗರು. ಒಬ್ಬ ಅಧ್ಯಕ್ಷ ಕೆಲಸ ಕಲಿತು ಮುಗಿಸುವಷ್ಟರಲ್ಲಿ ಅವನ ಡಿಗ್ರಿ ಮುಗಿದಿರುತ್ತಿತ್ತು. ಅವನು ಮಾಡಿದ ತಪ್ಪನ್ನೇ ಮುಂದಿನವನು ಹೊಸದೆಂಬಂತೆ ಮತ್ತೆ ಮಾಡುತ್ತಿದ್ದ. ಇಂಥ ಸಂಘಕ್ಕೆ ಇರುವ ದೊಡ್ಡ ಅಪಾಯ ಹೊರಗಿನದಲ್ಲ, ಇದೇ. ನಿನ್ನೆ ಏನಾಯಿತೆಂದು ನೆನಪಿಟ್ಟುಕೊಳ್ಳುವವರು ಯಾರೂ ಉಳಿಯುವುದಿಲ್ಲ. ಆ ನೆನಪು ನಾನಾಗಿದ್ದೆ. ಏನೇ ಬರಲಿ, ಚಾಚಾ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ನೋಡಿಕೊಳ್ಳುವುದು ಎಂದರೆ ಏನೆಂದು ಯಾರೂ ಕೇಳಲಿಲ್ಲ.

ನಾನು ಮೊದಲು ಮಾಡಿಕೊಂಡ ನಿಯಮ, ಬೇರೆಯವರು ಹೇಳುವ ಮೊದಲು ನಾವೇ ಹೇಳುವುದು. ಸಭೆ ಇರಲಿ, ಪಿಕ್‌ನಿಕ್ ಇರಲಿ, ಕ್ವಿಜ್ ಇರಲಿ, ಹಿಂದಿನ ದಿನವೇ ಠಾಣೆಗೆ ಹೋಗಿ ತಿಳಿಸಿ ಬರುತ್ತಿದ್ದೆ. ಆಗ ಇದ್ದ ಸಬ್ ಇನ್ಸ್‌ಪೆಕ್ಟರು ಹಾವೇರಿ ಕಡೆಯವರು. ನನ್ನ ತಲೆ ಬಾಗಿಲಲ್ಲಿ ಕಂಡದ್ದೇ ಕಾನ್ಸ್ಟೇಬಲ್ ಕಡೆ ತಿರುಗಿ ನಗುತ್ತಿದ್ದರು.

"ಬರ್ರಿ ಸಾಬ್ರ, ಬರ್ರಿ. ಇವತ್ತೇನು? ನಿಮ್ಮ ಹುಡುಗ್ರು ಕೆಮ್ಮೋದಿದ್ರೂ ಬಂದು ಹೇಳಿ ಹೋಗ್ತೀರಲ್ರಿ."

ನಾನೂ ನಗುತ್ತಿದ್ದೆ. ಆದರೆ ಒಂದು ಸಲ ಯಾರೋ ನಮ್ಮ ಕೋಣೆಯಲ್ಲಿ ಹೊರಗಿನವರು ಬಂದು ಉಳಿದಿದ್ದಾರೆಂದು ಠಾಣೆಗೆ ಫೋನು ಮಾಡಿದರು. ಅವರು ಭಟ್ಕಳದಿಂದ ವಾಲಿಬಾಲ್ ಆಡಲು ಬಂದ ಹುಡುಗರೆಂದು ಸಬ್ ಇನ್ಸ್‌ಪೆಕ್ಟರಿಗೆ ಮೊದಲೇ ಗೊತ್ತಿತ್ತು. ಫೋನು ಮಾಡಿದವರನ್ನೇ ಬೈದು ಇಟ್ಟರಂತೆ. ಇದನ್ನು ಸಲಾಮು ಹೊಡೆಯುವುದು ಎನ್ನುವವರು ಆ ವಾಲಿಬಾಲ್ ಹುಡುಗರ ತಾಯಂದಿರನ್ನು ಕೇಳಬೇಕು.

ಎರಡನೆಯ ನಿಯಮ ಟೋಪಿಯದು. ದೂರದ ಊರುಗಳ ಕೆಟ್ಟ ಸುದ್ದಿ ಪೇಪರಿನಲ್ಲಿ ಬಂದ ದಿನಗಳಲ್ಲಿ, ಬಸ್ ಸ್ಟ್ಯಾಂಡ್ ದಾಟುವವರೆಗೆ ಟೋಪಿ ಜೇಬಿನಲ್ಲಿರಬೇಕು ಎಂದು ಹೇಳಿದ್ದೆ. ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಎಲ್ಲರೂ ಟೋಪಿ ಮಡಚಿ ಇಟ್ಟುಕೊಂಡರು. ಆಗಿನ ಅಧ್ಯಕ್ಷ ಹಿಂದಿನ ಸೀಟಿನಿಂದ ಕೂಗಿ ಕೇಳಿದ.

"ಚಾಚಾ, ಟೋಪಿ ಜೇಬಲ್ಲಿ ಇಟ್ಟಾಯ್ತು. ತಲೆ ಎಲ್ಲಿ ಇಡ್ಲಿ?"

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಕೂಡ. ತಲೆ ಇರಬೇಕಾದ ಜಾಗದಲ್ಲಿ ಇರಲಿ ಅಂತಲೇ ಟೋಪಿ ಜೇಬಲ್ಲಿ ಇಡೋದು ಎಂದೆ. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಆ ಹುಡುಗ ನಗಲಿಲ್ಲ ಎಂಬುದು ಈಗ ನೆನಪಿಗೆ ಬರುತ್ತದೆ.

ನಾನು ತಿಂದ ಪೆಟ್ಟುಗಳೂ ಇವೆ. ಯಲ್ಲಾಪುರದ ಕಡೆ ಒಂದು ಅಬ್ಬಿಗೆ, ಜಲಪಾತಕ್ಕೆ, ಪಿಕ್‌ನಿಕ್ ಹೋಗಿದ್ದೆವು. ಹಿಂದಿನ ವರ್ಷ ಯಾವುದೋ ಕಾಲೇಜಿನ ಹುಡುಗ ಅಲ್ಲಿ ಮುಳುಗಿದ್ದ. ನಮ್ಮವರು ಯಾರೂ ನೀರಿಗೆ ಇಳಿಯಕೂಡದೆಂದು ಹೇಳಿ, ಬಂಡೆಯ ಮೇಲೆ ನಾನೇ ಕಾವಲು ಕೂತೆ. ಹುಡುಗರು ದೂರ ಕೂತು ಮಂಡಕ್ಕಿ ತಿನ್ನುತ್ತ ನೀರನ್ನು ನೋಡುತ್ತಿದ್ದರು. ಒಬ್ಬನನ್ನು ಬೈಯಲು ಎದ್ದು ನಿಂತವನು ಪಾಚಿಯ ಮೇಲೆ ಜಾರಿ ನಾನೇ ಮಡುವಿಗೆ ಬಿದ್ದೆ. ನನಗೆ ಈಜು ಬರುವುದಿಲ್ಲ. ಇಬ್ಬರು ಹುಡುಗರು ಬಟ್ಟೆ ಸಮೇತ ಹಾರಿ ಎಳೆದು ತಂದರು. ಆಮೇಲೆ ಪ್ರತಿ ಪಿಕ್‌ನಿಕ್‌ಗೂ ಒಂದು ಉದ್ದನೆಯ ಹಗ್ಗ ಬರುತ್ತಿತ್ತು. ಅದು ಚಾಚಾನನ್ನು ಮರಕ್ಕೆ ಕಟ್ಟಲು ಎನ್ನುತ್ತಿದ್ದರು.

ಇನ್ನೊಮ್ಮೆ ಒಬ್ಬ ಕಾರ್ಯದರ್ಶಿ ನನ್ನನ್ನು ಕೇಳದೆ ಹೊರಗಿನಿಂದ ಬೆಂಕಿ ಉಗುಳುವಂಥ ಭಾಷಣಕಾರನೊಬ್ಬನನ್ನು ಕರೆಸಿಬಿಟ್ಟ. ಊರು ಆಗಲೇ ಬಿಸಿಯಾಗಿದ್ದ ವಾರ. ಭಾಷಣ ಬೇಡ ಎಂದರೆ ಅದೇ ಒಂದು ಗಲಾಟೆ. ನಾನು ಬಸ್ ಸ್ಟ್ಯಾಂಡಿಗೇ ಹೋಗಿ ಆತನನ್ನು ಬರಮಾಡಿಕೊಂಡು ಮನೆಗೆ ಕರೆದೊಯ್ದೆ. ನನ್ನ ಹೆಂಡತಿ ಮಾಡುವ ಬಿರಿಯಾನಿ ತಿಂದು ಎಚ್ಚರವಾಗಿ ಉಳಿದವರನ್ನು ನಾನು ನೋಡಿಲ್ಲ. ಎರಡನೆಯ ಸಲ ಬಡಿಸಿಕೊಂಡ, ಗೋಡೆಗೆ ಒರಗಿದ, ಗೊರಕೆ ಹೊಡೆದ. ಎದ್ದಾಗ ಸಭೆ ಮುಗಿದಿತ್ತು. ಅವನ ಬದಲಿಗೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಪರೀಕ್ಷೆಯಲ್ಲಿ ದುಂಡಗೆ ಬರೆಯುವುದರ ಬಗ್ಗೆ ಮಾತಾಡಿದ್ದರು. ಹುಡುಗರು ನನ್ನ ಮೇಲೆ ತಿಂಗಳುಗಟ್ಟಲೆ ಸಿಟ್ಟಾಗಿದ್ದರು. ಆ ವಾರ ಶಿರಸಿಯಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಅದಕ್ಕೂ ಕ್ಷಮೆ ಇಲ್ಲ.

ಆಮೇಲೆ ಕಾಲ ಬದಲಾಯಿತು. ಮೊದಲು ಒಂದು ಗಾಳಿಸುದ್ದಿ ಹುಬ್ಬಳ್ಳಿಯಿಂದ ಬಸ್ ಡ್ರೈವರನ ಬಾಯಲ್ಲಿ ಬರಬೇಕಿತ್ತು. ಅದು ಯಲ್ಲಾಪುರ ದಾಟಿ ಶಿರಸಿಗೆ ಬರುವಷ್ಟರಲ್ಲಿ ನಾನು ಎಸ್‌ಟಿಡಿ ಬೂತಿಗೆ ಹೋಗಿ ನಿಜವೋ ಸುಳ್ಳೋ ವಿಚಾರಿಸಿಕೊಂಡಿರುತ್ತಿದ್ದೆ. ಎರಡು ಸಾವಿರದ ನಂತರ ಹುಡುಗರ ಕೈಗೆ ಮೊಬೈಲು ಬಂತು. ಸುದ್ದಿ ನನಗಿಂತ ಮೊದಲು ಅವರ ಜೇಬಿಗೆ ಬರತೊಡಗಿತು. ನನ್ನ ಅರ್ಧ ವಿದ್ಯೆ ಅಲ್ಲಿಗೆ ಕೆಲಸಕ್ಕೆ ಬಾರದಾಯಿತು.

ಕೆಲಸಕ್ಕೆ ಬಂದ ವಿದ್ಯೆ ಇನ್ನೊಂದಿತ್ತು. ಅದು ನನ್ನ ಮಾತು. ಆಗ ನಮ್ಮ ಮನೆಗಳಿಂದ ಹುಡುಗಿಯರನ್ನು ಧಾರವಾಡಕ್ಕೆ ಕಳಿಸುವುದು ಸುಲಭವಿರಲಿಲ್ಲ. ಡಿಗ್ರಿ ಮುಗಿಸಿದ ಹುಡುಗಿ ಎಂ.ಎ., ಎಂ.ಎಸ್ಸಿ. ಎಂದರೆ ಮನೆಯವರು ಗಂಡು ನೋಡತೊಡಗುತ್ತಿದ್ದರು. ಆಗ ಸಂಘದಿಂದ ನಾನು ಹೋಗುತ್ತಿದ್ದೆ. ತಂದೆಯ ಹತ್ತಿರ ಮಾತು ತೆಗೆಯುತ್ತಿರಲಿಲ್ಲ. ಒಳಗೆ ಅಜ್ಜಿ ಇದ್ದಾರೆಯೇ ಎಂದು ಕೇಳಿ, ಅವರಿಗೆ ಸಲಾಂ ಹೇಳಿ, ಅವರ ಮಂಡಿ ನೋವಿನಿಂದ ಶುರು ಮಾಡುತ್ತಿದ್ದೆ. ತೀರ್ಮಾನ ಆಗುತ್ತಿದ್ದದ್ದು ಅಲ್ಲೇ. ಹಾಸ್ಟೆಲ್ ಯಾವುದು, ರೂಮಿನಲ್ಲಿ ಜೊತೆಗೆ ಯಾರು, ಶನಿವಾರ ಯಾವ ಬಸ್ಸಿಗೆ ಬರುತ್ತಾಳೆ, ಎಲ್ಲ ಹೇಳಿ ಕೊನೆಗೆ, "ಮಗು ನನ್ನ ಜವಾಬ್ದಾರಿ" ಎನ್ನುತ್ತಿದ್ದೆ. ಅಷ್ಟು ಸಾಕಾಗುತ್ತಿತ್ತು. ಹಾಗೆ ಹೋದವರು ಇವತ್ತು ಡಾಕ್ಟರು, ಲೆಕ್ಚರರು, ಬ್ಯಾಂಕಿನವರು ಆಗಿದ್ದಾರೆ. ಎಸ್ಸೆಸ್ಸೆಲ್ಸಿ ಓದಿದವನ ಒಂದು ಮಾತಿಗೆ ಅಷ್ಟು ತೂಕವಿತ್ತು. ಆ ತೂಕ ನನ್ನ ತಲೆಗೂ ಏರಿತ್ತು.

ಇನ್ನು ಈದ್ ಮಿಲನದ ವಿಷಯ.

ರಂಜಾನ್ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಊರಿನ ಹಿಂದೂ ಮಿತ್ರರನ್ನು ಊಟಕ್ಕೆ ಕರೆಯುವುದು ಸಂಘದ ಪದ್ಧತಿ. ಲೆಕ್ಚರರು, ಸಹಕಾರಿ ಸೊಸೈಟಿಯವರು, ಡಾಕ್ಟರು, ತಹಶೀಲ್ದಾರರು, ಸಬ್ ಇನ್ಸ್‌ಪೆಕ್ಟರು. ಮೊದಲ ವರ್ಷ ಎಲ್ಲರೂ ಬಂದರು, ಹಾರ ಹಾಕಿಸಿಕೊಂಡರು, ಒಳ್ಳೆಯ ಮಾತು ಆಡಿದರು. ಊಟದ ಹೊತ್ತಿಗೆ ಅರ್ಧ ಜನಕ್ಕೆ ಬೇರೆ ಕೆಲಸ ನೆನಪಾಯಿತು. ಉಳಿದವರು ಬಾಳೆಹಣ್ಣು ಸುಲಿದು ತಿಂದರು. ಅಡುಗೆ ಸಸ್ಯಾಹಾರವೇ ಆಗಿತ್ತು, ಆದರೂ. ನಮ್ಮ ಮಕ್ಕಳು ತುಂಬಿದ ಪಾತ್ರೆಗಳ ಹಿಂದೆ ಸೌಟು ಹಿಡಿದು ನಿಂತಿದ್ದ ರೀತಿ ನನಗೆ ಸಹಿಸಲಾಗಲಿಲ್ಲ.

ಮುಂದಿನ ವರ್ಷ ನಾನು ಸಿದ್ದಾಪುರದ ಹೇರೂರಿನ ಕಡೆಯಿಂದ ಒಬ್ಬ ಅಡುಗೆ ಭಟ್ಟರನ್ನು ಕರೆಸಿದೆ. ಮದುವೆ ಹಾಲಿನಿಂದ ಪಾತ್ರೆ ತಂದೆ. ಮುಚ್ಚಿಹೋಗಿದ್ದ, ಮರ ಕೊಯ್ಯುವ ಒಂದು ಸಾ ಮಿಲ್ಲಿನ ಹಿಂದಿನ ಅಂಗಳದಲ್ಲಿ ಚಪ್ಪರ. ಬದಿಯ ಶೆಡ್ಡಿನಲ್ಲಿ ಅಡುಗೆ. ನಮ್ಮ ಹುಡುಗರು ಶೆಡ್ಡಿನ ಒಳಗೆ ಕಾಲಿಡಕೂಡದು. ಬಡಿಸುವುದಕ್ಕೂ ಭಟ್ಟರ ಕಡೆಯವರೇ. ಆದರೂ ಎಲೆ ಹಾಕಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ನಾನು ಮೈಕ್ ಹಿಡಿದೆ.

"ಮಾನ್ಯರೇ, ಅಡುಗೆ ನಮ್ಮ ಭಟ್ಟರದು. ನಮ್ಮವರು ಯಾರೂ ಮುಟ್ಟಿಲ್ಲ. ನಿಶ್ಚಿಂತೆಯಿಂದ ಊಟ ಮಾಡಿ."

ಚಪ್ಪಾಳೆ ಬಿತ್ತು. ಸಾರು ಅನ್ನ ಕಲೆಸುವ ಸದ್ದು ಕೇಳಿಸಿತು. ನನಗೆ ಅವತ್ತು ಆದ ಸಂತೋಷವನ್ನು ಏನೆಂದು ಹೇಳಲಿ. ಶಿರಸಿಯಲ್ಲಿ ಯಾರೂ ಮಾಡದ್ದನ್ನು ಮಾಡಿದ್ದೆ. ಅಂದಿನಿಂದ ಪ್ರತಿ ವರ್ಷ ಎಲೆ ಹಾಕಿದ ಕೂಡಲೇ ಮೈಕಿನಲ್ಲಿ ಈ ಮಾತು ಹೇಳುವುದು ಒಂದು ಕ್ರಮವೇ ಆಯಿತು. ನಾನು ಮರೆತರೆ ಅತಿಥಿಗಳೇ ನೆನಪಿಸುವಷ್ಟು. ನಮ್ಮ ಹಬ್ಬದ ಊಟವನ್ನು ನಾವು ಮುಟ್ಟಿಲ್ಲ ಎಂದು ನಾವೇ ಹೆಮ್ಮೆಯಿಂದ ಸಾರುತ್ತಿದ್ದೆವು. ಅದರಲ್ಲಿ ಏನಾದರೂ ತಪ್ಪಿದೆಯೆಂದು ನನಗೆ ಹೊಳೆಯಲಿಲ್ಲ. ಬಂದವರು ಉಂಡರೆ ಸಾಕು, ಸಂಘಕ್ಕೆ ಊರಿನ ಬಲ ಇರುತ್ತದೆ ಎಂಬುದು ನನ್ನ ಲೆಕ್ಕ. ಆ ಲೆಕ್ಕ ಸುಳ್ಳೂ ಆಗಿರಲಿಲ್ಲ. ಕಷ್ಟದ ದಿನಗಳಲ್ಲಿ ನಮ್ಮ ಪರವಾಗಿ ಠಾಣೆಗೆ ಬಂದು ಕೂತವರು ಆ ಎಲೆಗಳಲ್ಲಿ ಉಂಡವರೇ.

ಎರಡು ಸಾವಿರದ ಆಚೀಚಿನ ವರ್ಷ. ಸಂಘದ ಹುಡುಗಿಯರ ವಿಭಾಗಕ್ಕೆ ಆಗ ಸಿದ್ದಾಪುರದ ಒಬ್ಬಳು ಕಾರ್ಯದರ್ಶಿ. ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಅವಳ ತಂದೆ ರಜಾಕ್ ಸಾಹೇಬರದು ಸಿದ್ದಾಪುರದಲ್ಲಿ ಸೈಕಲ್ ರಿಪೇರಿ ಅಂಗಡಿ. ರಸಾಯನಶಾಸ್ತ್ರದಲ್ಲಿ ಕಾಲೇಜಿಗೇ ಮುಂದಿದ್ದವಳು. ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಬೇಕೆಂಬುದು ಬಿಟ್ಟರೆ ಅವಳಿಗೆ ಬೇರೆ ಮಾತಿರಲಿಲ್ಲ. ತಂದೆಗೆ ಮನಸ್ಸಿತ್ತು, ಧೈರ್ಯವಿರಲಿಲ್ಲ. ಖಾದರ್ ಭಾಯಿ ಬಂದು ಹೇಳಿದರೆ ಕಳಿಸುತ್ತೇನೆ ಎಂದಿದ್ದರು. ಪರೀಕ್ಷೆ ಮುಗಿಯಲಿ, ಬಂದು ಹೇಳುತ್ತೇನೆ ಎಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ.

ಆ ಸಲ ಈದ್ ಮಿಲನ ಆಲೆಮನೆಗಳ ಕಾಲದಲ್ಲಿ ಬಂತು. ಹೊಸ ಕಬ್ಬಿನ ಹಾಲು ಸಿಗುತ್ತದೆ, ತೊಡದೇವು ಮಾಡಿಸೋಣ ಎಂದು ಭಟ್ಟರು ಹೇಳಿದರು. ಅದು ಈ ಕಡೆಯ ಸಿಹಿ. ಒಲೆಯ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ, ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟನ್ನು ಬಟ್ಟೆಯಿಂದ ಒಂದೇ ಬೀಸಿಗೆ ಎಳೆದು, ಬಿಸಿಯಲ್ಲೇ ಮಡಚಿ ತೆಗೆಯಬೇಕು. ಕಾಗದಕ್ಕಿಂತ ತೆಳ್ಳಗೆ ಬರಬೇಕು. ಎಲ್ಲರಿಗೂ ಬರುವ ಕೆಲಸವಲ್ಲ. ಭಟ್ಟರ ಜೊತೆ ಅದಕ್ಕೆಂದೇ ಬರಬೇಕಾಗಿದ್ದ ಹೆಂಗಸು ಜ್ವರವೆಂದು ಬರಲಿಲ್ಲ. ನಾನು ಬೆಳಿಗ್ಗೆಯಿಂದ ತಹಶೀಲ್ದಾರರ ಮನೆ, ಠಾಣೆ ಎಂದು ಓಡಾಡುತ್ತಿದ್ದೆ. ಇದು ನನಗೆ ಗೊತ್ತಾಗಲಿಲ್ಲ.

ಅತಿಥಿಗಳು ಕೂತರು. ಎಲೆಯ ಮೇಲೆ ತೊಡದೇವು ಬಿತ್ತು. ನಾನು ಮೈಕ್ ಹಿಡಿದು ನನ್ನ ಮಾತು ಹೇಳಿದೆ. ಚಪ್ಪಾಳೆಯೂ ಆಯಿತು. ಅದು ನಿಂತ ಮೇಲೆ ಹುಡುಗಿಯರು ಕೂತಿದ್ದ ಕಡೆಯಿಂದ ಅವಳು ಎದ್ದು ನಿಂತಳು. ತಲೆಯ ಮೇಲಿನ ದುಪಟ್ಟಾದ ಅಂಚಿಗೆ ಹಿಟ್ಟು ಹತ್ತಿಕೊಂಡಿತ್ತು.

"ಚಾಚಾ, ತೊಡದೇವು ನಾನು ಮಾಡಿದ್ದು. ತಿನ್ನೋರಿಗೆ ಗೊತ್ತಿರ್ಲಿ. ಹೇಳ್ದೇ ಇದ್ರೆ ಮೋಸ ಆಗ್ತದೆ."

ಜೋರಾಗಿ ಹೇಳಲಿಲ್ಲ. ಜಗಳದ ದನಿಯೂ ಇರಲಿಲ್ಲ. ತಿನ್ನುವವರ ಮೇಲಿನ ಗೌರವದಿಂದಲೇ ಹೇಳಿದಳು ಎಂಬುದು ಈಗ ನನಗೆ ತಿಳಿಯುತ್ತದೆ. ಆಗ ತಿಳಿದದ್ದು ಇಷ್ಟೇ: ಇಷ್ಟು ವರ್ಷ ಕಟ್ಟಿದ್ದು ಮುರಿದು ಬೀಳುತ್ತಿದೆ.

ಇಬ್ಬರೋ ಮೂವರೋ ಎದ್ದು ಕೈ ತೊಳೆಯಲು ಹೋದರು, ನಿಜ. ಒಬ್ಬರು ಬಾಳೆಲೆಯ ತುದಿ ಮಡಚಿ ತೊಡದೇವು ಮುಚ್ಚಿದರು. ಅವಳ ರಸಾಯನಶಾಸ್ತ್ರದ ಮೇಷ್ಟ್ರು ಎಲೆಯನ್ನೇ ನೋಡುತ್ತ ಕೂತರು. ಆದರೆ ಬಹಳ ಜನ ಏಳಲಿಲ್ಲ. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಏನು ಹೇಳುತ್ತೇನೋ ಹಾಗೆ ಮಾಡಲು ಕಾಯುತ್ತಿದ್ದರು. ಹೌದಂತೆ, ನಮ್ಮ ಮಗಳು ಮಾಡಿದ್ದಾಳೆ, ರುಚಿ ನೋಡಿ ಎಂದು ನಾನು ಒಂದು ಮಾತು ಹೇಳಿದ್ದರೆ ಅವರಲ್ಲಿ ಅರ್ಧ ಜನವಾದರೂ ತಿನ್ನುತ್ತಿದ್ದರು. ಮೈಕ್ ನನ್ನ ಕೈಯಲ್ಲೇ ಇತ್ತು.

"ಯಾರ್ರೀ ಈ ಹುಡುಗಿ?" ಎಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು.

ನಾನು ಹೇಳಿದೆ. ಮೈಕಿನಲ್ಲೇ ಹೇಳಿದೆ. "ಅವಳು ನಮ್ಮ ಸಂಘದವಳಲ್ಲ. ಯಾರೋ ಒಬ್ಬಳು, ತಿಳಿಯದೆ ಒಳಗೆ ಹೋಗಿದ್ದಾಳೆ. ಅವಳ ಪರವಾಗಿ ನಾನು ಎಲ್ಲರ ಕ್ಷಮೆ ಕೇಳುತ್ತೇನೆ."

ನಮ್ಮವರು ಯಾರೂ ಮುಟ್ಟಿಲ್ಲ ಎಂಬ ನನ್ನ ಮಾತು ಉಳಿಯಬೇಕಾಗಿತ್ತು. ಅದು ಉಳಿಯಬೇಕಾದರೆ ಅವಳು ನಮ್ಮವಳಾಗಿರಬಾರದು. ಅಷ್ಟು ಜನರ ಮುಂದೆ, ಒಂದು ಉಸಿರಿನಲ್ಲಿ, ನಾನು ಅವಳನ್ನು ನಮ್ಮವಳಲ್ಲದಂತೆ ಮಾಡಿದೆ.

ಆಮೇಲೆ ಹುಡುಗರನ್ನು ಕರೆದು, ಎಲೆಗಳ ಮೇಲಿನ ತೊಡದೇವುಗಳನ್ನೆಲ್ಲ ಎತ್ತಿಸಿದೆ. ನಾನೂ ಬಗ್ಗಿ ಎತ್ತಿದೆ. ದೊಡ್ಮನೆ ಊರಿನ ಕಡೆಯ ಒಬ್ಬ ಹಿರಿಯ ಹೆಗಡೆಯವರು ಆಗಲೇ ಅರ್ಧ ತಿಂದಿದ್ದರು. ಅವರ ಎಲೆಗೆ ಕೈ ಹಾಕಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಎಂತ ಸಾಬ್ರೇ, ಹೊಟ್ಟೆಯಲ್ಲಿದ್ದಿದ್ದನ್ನೂ ತೆಗೀತ್ರಾ?"

ಹತ್ತಿರದವರು ನಕ್ಕರು. ನಾನು ನಗಲಿಲ್ಲ. ಅವರ ಎಲೆಯಲ್ಲಿ ಉಳಿದ ಅರ್ಧವನ್ನು ಬಿಟ್ಟು ಮುಂದೆ ಹೋದೆ. ಬುಟ್ಟಿ ತುಂಬ ತೊಡದೇವು ಮಿಲ್ಲಿನ ಹಿಂದಿನ ಗರಗಸದ ಹೊಟ್ಟಿನ ರಾಶಿಗೆ ಹೋಯಿತು. ಶೆಡ್ಡಿನಲ್ಲಿ ಭಟ್ಟರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಸಿಟ್ಟಿಗೆ ಅವರ ಮನೆ ಮಾತಾದ ಹವ್ಯಕವೇ ಬಾಯಿಗೆ ಬಂತು.

"ಕೂಸಿನ ಕೈ ಬಂಗಾರದ ಹಾಂಗೆ ಇದ್ದು. ಮಾಡು ಹೇಳಿ ಕೂರ್ಸಿದವ ಆನು. ನಿಂಗೆ ಎಂತ ಆತು ಮಾರಾಯಾ?"

ಮಾಡು ಎಂದು ಹುಡುಗಿಯನ್ನು ಒಲೆಯ ಮುಂದೆ ಕೂರಿಸಿದವರು ಅವರೇ ಅಂತೆ. ಅವರು ಮತ್ತೆ ಯಾವ ವರ್ಷವೂ ಬರಲಿಲ್ಲ. ಬೇರೆ ಭಟ್ಟರು ಸಿಕ್ಕಿದರು.

ಅತಿಥಿಗಳು ಹೋದ ಮೇಲೆ ಅವಳು ಮಹಡಿಯ ಕೋಣೆಗೆ ಬಂದಳು. ಅತ್ತಿರಲಿಲ್ಲ. ನಾನೇ ಮೊದಲು ಶುರು ಮಾಡಿದೆ. ಸಂಘ ಕಟ್ಟುವುದು ಎಷ್ಟು ಕಷ್ಟ, ಕೆಡಿಸುವುದು ಎಷ್ಟು ಸುಲಭ ಎಂದು ಬಹಳ ಹೊತ್ತು ಬೈದೆ. ಕೇಳಿಸಿಕೊಂಡಳು. ತೊಡದೇವು ಎಳೆಯುವುದನ್ನು ತನಗೆ ಕಲಿಸಿದ್ದು ಪಕ್ಕದ ಬ್ರಾಹ್ಮಣರ ಮನೆಯ ಹೆಗಡ್ತಿ ಎಂದಳು. ಅವರ ಅಡುಗೆಮನೆಯ ಗಡಿಗೆಯ ಮೇಲೆ ಎಷ್ಟೋ ಸಲ ಮಾಡಿದ್ದಳಂತೆ. ಆ ಮನೆಯವರೆಲ್ಲ ತಿಂದಿದ್ದರಂತೆ. ಕೊನೆಗೆ ಒಂದೇ ಮಾತು ಕೇಳಿದಳು.

"ಪ್ರತಿ ವರ್ಷ ಆ ಬಾವಿಯಿಂದ ಅಡುಗೆಗೆ ನೀರು ಸೇದಿದ್ದು ಯಾರು ಚಾಚಾ? ನಮ್ಮ ಹುಡುಗ್ರೇ ಅಲ್ವಾ? ಅದು ಮುಟ್ಟಿದ ಹಾಗೆ ಅಲ್ವಾ?"

ನಿಜ. ಶೆಡ್ಡಿನ ಬಾಗಿಲಿನವರೆಗೆ ಕೊಡ ಹೊತ್ತು ಇಟ್ಟವರು ನಮ್ಮ ಹುಡುಗರು. ತೆಂಗಿನಕಾಯಿ ಸುಲಿದವರು, ಎಲೆ ಒರೆಸಿದವರು ಅವರೇ. ನನಗೆ ಅದು ಗೊತ್ತಿತ್ತು. ಅಂದರೆ ನಾನು ಮೈಕ್ ಹಿಡಿದ ಮೊದಲ ದಿನದಿಂದಲೂ ಸುಳ್ಳನ್ನೇ ಹೇಳುತ್ತ ಬಂದಿದ್ದೆ. ಅದಕ್ಕೆ ಉತ್ತರ ಕೊಡುವ ಬದಲು, ಇನ್ನು ಮುಂದೆ ನೀನು ಕೋಣೆಗೆ ಬರುವುದು ಬೇಡ ಎಂದೆ. ಮರುದಿನ ಅಧ್ಯಕ್ಷ ಹುಡುಗನಿಗೂ ಹೇಳಿದೆ: ಅವಳನ್ನು ತೆಗೆದುಹಾಕು, ಅವಳ ಹೆಸರು ಇಲ್ಲಿ ಯಾರೂ ಎತ್ತುವುದು ಬೇಡ. ಅವನು ಮೆತ್ತಗಿನ ಹುಡುಗ, ಹ್ಞೂಂ ಎಂದ. ಹುಡುಗಿಯರ ವಿಭಾಗದ ಉಳಿದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನಾನು ಅದನ್ನು ಪರೀಕ್ಷೆಯ ಕಾಲ ಎಂದು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳಲು ಬಯಸಿದೆ.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಸಿಟ್ಟಿನಲ್ಲಿ ಆದ ತಪ್ಪು ಎನ್ನಬಹುದಿತ್ತು. ಸಿಟ್ಟು ಎಷ್ಟು ದಿನ ಇರುತ್ತದೆ? ಅವಳ ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು. ಕಾಲೇಜಿಗೆ ಅವಳೇ ಮೊದಲು. ಒಂದು ಮಧ್ಯಾಹ್ನ ರಜಾಕ್ ಸಾಹೇಬರು ಅಂಗಡಿ ಮುಚ್ಚಿ, ಸಿದ್ದಾಪುರದಿಂದ ಬಸ್ಸು ಹತ್ತಿ ನನ್ನ ಕೋಣೆಗೆ ಬಂದರು. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಹಲಸಿನ ಹಪ್ಪಳದ ಕಟ್ಟೊಂದನ್ನು ಮೇಜಿನ ಮೇಲಿಟ್ಟರು. ಮಿಲನದಲ್ಲಿ ಏನಾಯಿತೆಂದು ಮಗಳು ಮನೆಯಲ್ಲಿ ಹೇಳಿಯೇ ಇರಲಿಲ್ಲ ಎಂಬುದು ಅವರ ಮಾತಿನಿಂದ ಗೊತ್ತಾಯಿತು. ನನ್ನ ಮಾನ ಉಳಿಸಲು ಹೇಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

"ಭಾಯಿ, ನೀವು ಬರ್ತೀರಿ ಅಂತ ಕಾದ್ವಿ. ಬರ್ಲಿಲ್ಲ. ಅದಕ್ಕೆ ನಾನೇ ಬಂದೆ. ಕಳಿಸ್ಲಾ ಹುಡುಗೀನ?"

ಅವರು ಕೇಳಿದ್ದು ಅಷ್ಟೇ. ನಾನು ಹೂಂ ಎಂದರೆ ಸಾಕಾಗಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಸಲ ಆಡಿದ ಮಾತು. ನನ್ನ ತಲೆ ಬೇರೆ ದಿಕ್ಕಿನಲ್ಲಿ ಓಡಿತು. ಇವಳು ಧಾರವಾಡದಲ್ಲೂ ಎಲ್ಲೋ ಎದ್ದು ನಿಂತು ಏನೋ ಹೇಳುತ್ತಾಳೆ, ಹೆಸರು ಸಂಘದ್ದು ಕೆಡುತ್ತದೆ, ಆಮೇಲೆ ಬೇರೆ ಹುಡುಗಿಯರನ್ನು ಯಾರು ಕಳಿಸುತ್ತಾರೆ? ಮುಂದಿನ ಹುಡುಗಿಯರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

"ಹುಡುಗಿ ಹುಷಾರಿದ್ದಾಳೆ ಭಾಯಿ. ಆದ್ರೆ ಸ್ವಲ್ಪ ಗಟ್ಟಿ. ಇವಳ ವಿಷಯದಲ್ಲಿ ನಾನು ಜವಾಬ್ದಾರಿ ಅಂತ ಹೇಳ್ಲಿಕ್ಕೆ ಆಗೋದಿಲ್ಲ."

ರಜಾಕ್ ಸಾಹೇಬರು ಏಕೆ ಎಂದು ಕೇಳಲಿಲ್ಲ. ಅವರ ಮುಖದಲ್ಲಿ ಎಂಥದೋ ಹೆದರಿಕೆ ಬಂತು. ಮಗಳು ಏನೋ ಮಾಡಿಕೊಂಡಿದ್ದಾಳೆ, ಖಾದರ್ ಭಾಯಿ ಮಾನ ಮುಚ್ಚಲು ಬಾಯಿ ಬಿಡುತ್ತಿಲ್ಲ ಎಂದು ಅವರು ತಿಳಿದುಕೊಂಡರು. ಹಾಗೆ ತಿಳಿದುಕೊಂಡದ್ದು ನನಗೆ ಕಾಣಿಸಿತು. ಕಂಡೂ ನಾನು ತಿದ್ದಲಿಲ್ಲ. ನಾನು ಮಾಡಿದ ನಿಜವಾದ ಕೆಲಸ ಇದು. ತೊಡದೇವಿನದು ಇದರ ಮುಂದೆ ಏನೂ ಅಲ್ಲ.

ಅವಳು ಧಾರವಾಡಕ್ಕೆ ಹೋಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಯಲ್ಲಾಪುರಕ್ಕೆ ಮದುವೆಯಾಗಿ ಹೋದಳು.

ಈದ್ ಮಿಲನದ ಮೈಕಿನಲ್ಲಿ ನಾನು ಅದೇ ಮಾತನ್ನು ಮತ್ತೂ ಕೆಲವು ವರ್ಷ ಹೇಳಿದೆ. ಮುಚ್ಚಿಡುವುದಿಲ್ಲ. ನಿಂತದ್ದು ನನ್ನಿಂದಲ್ಲ. ಮೊಬೈಲಿನ ಕಾಲದ ಒಬ್ಬ ಅಧ್ಯಕ್ಷ ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಚಾಚಾ ನೀವು ಕೂತುಕೊಳ್ಳಿ, ಈ ಸಲ ನಾವೇ ಮಾಡಿದ್ದೇವೆ, ಉಣ್ಣುವವರು ಉಣ್ಣಲಿ ಎಂದ. ಆ ವರ್ಷ ಬಂದವರು ಕಡಿಮೆ. ಉಂಡವರು ಇನ್ನೂ ಕಡಿಮೆ. ಈಗಲೂ ಅಷ್ಟೇ ಜನ ಬರುತ್ತಾರೆ. ನಾನು ಹೆದರಿದ್ದು ಸುಳ್ಳಾಗಿರಲಿಲ್ಲ, ನೋಡಿ. ಅಪಾಯ ಇತ್ತು. ನಾನು ಅದನ್ನು ದೂರ ಓಡಿಸಿದೆ ಎಂದುಕೊಂಡಿದ್ದೆ. ಓಡಿಸಿರಲಿಲ್ಲ. ನಮ್ಮಲ್ಲೇ ಒಬ್ಬಳ ತಲೆಯ ಮೇಲೆ ಇಟ್ಟು ನಾನು ಕೈ ಕೊಡವಿಕೊಂಡಿದ್ದೆ. ಹೊಸದಾಗಿ ಬರುವವರಿಗೆ ನನ್ನ ಅನುಭವದಿಂದ ಹೇಳುವುದಿದ್ದರೆ ಇದೊಂದೇ. ಸಂಘವನ್ನು ಕಾಪಾಡಿದೆವು ಎಂದು ನಿಮಗೆ ಸಮಾಧಾನವಾದ ದಿನ, ಅದನ್ನು ಯಾರ ಕೈಯಿಂದ ಕಿತ್ತುಕೊಂಡು ಕಾಪಾಡಿದಿರಿ ಎಂದು ಒಮ್ಮೆ ಹಿಂದೆ ತಿರುಗಿ ನೋಡಿ.

ಅವಳನ್ನು ಮತ್ತೆ ನೋಡಿದ್ದೇನೆ. ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ, ಮಗುವಿನ ಕೈ ಹಿಡಿದುಕೊಂಡು ನಿಂತಿದ್ದಳು. ತಾನೇ ಹತ್ತಿರ ಬಂದು ಸಲಾಂ ಹೇಳಿದಳು. ಮನೆಯ ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಿದ್ದಾಳಂತೆ. ಆಮೇಲೆ ನಗುತ್ತ, "ಮಿಲನ ಹೇಗೆ ನಡೀತಾ ಇದೆ ಚಾಚಾ? ತೊಡದೇವು ಮಾಡಿಸ್ತೀರಾ ಈಗಲೂ?" ಎಂದಳು. ಚುಚ್ಚಿದಳೋ, ಸುಮ್ಮನೆ ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಶಿರಸಿ ಬಸ್ಸು ಹೊರಡುತ್ತಿದೆ ಎಂದು ಹೇಳಿ ಹತ್ತಿಬಿಟ್ಟೆ. ಆ ಬಸ್ಸು ಅರ್ಧ ಗಂಟೆ ಅಲ್ಲೇ ನಿಂತಿತ್ತು. ಕಿಟಕಿಯ ಆಚೆ ಅವಳೂ ನಿಂತಿದ್ದಳು. ನಾನು ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತಿದ್ದೆ.

ಆ ದಿನ ಮೈಕಿನಲ್ಲಿ ತಹಶೀಲ್ದಾರರ ಕ್ಷಮೆ ಕೇಳಿದೆ, ಲೆಕ್ಚರರ ಕ್ಷಮೆ ಕೇಳಿದೆ, ಸಬ್ ಇನ್ಸ್‌ಪೆಕ್ಟರ ಕ್ಷಮೆ ಕೇಳಿದೆ, ಎದ್ದು ಹೋಗಿ ಕೈ ತೊಳೆದವರ ಕ್ಷಮೆಯನ್ನೂ ಕೇಳಿದೆ. ಅವಳ ಹೆಸರು ಎತ್ತಬೇಡಿ ಎಂದು ನಾನೇ ಹಾಕಿದ ಕಟ್ಟಳೆಯನ್ನು ಇಷ್ಟು ವರ್ಷ ನಾನೇ ಪಾಲಿಸಿದೆ. ಇಲ್ಲಿಯವರೆಗಿನ ಈ ಬರಹದಲ್ಲೂ ಪಾಲಿಸಿದ್ದೇನೆ. ಇನ್ನು ಇಲ್ಲ. ನಮ್ಮವರು ಮುಟ್ಟಿದ್ದರು. ಮುಟ್ಟಿದವಳು ನಮ್ಮ ಸಂಘದ ಕಾರ್ಯದರ್ಶಿ, ಸಿದ್ದಾಪುರದ ಸೈಕಲ್ ಅಂಗಡಿಯ ರಜಾಕ್ ಸಾಹೇಬರ ಮಗಳು, ಜುಲೇಖಾ.